ಊರಲ್ಲಿ ಮಳೆ ಉಂಟಾ?

ವಾಸನೆಯಿಂದ ನೆನಪು ಬರುತ್ತದೆ ಎಂದು ಬರೆಯುವವರನ್ನು ನಾನು ನಂಬಿದವಳಲ್ಲ. ನೆನಪು ಮೊದಲೇ ಬಂದಿರುತ್ತದೆ, ಆಮೇಲೆ ನೆಪಕ್ಕೊಂದು ವಾಸನೆ ಹುಡುಕಿಕೊಳ್ಳುತ್ತಾರೆ ಎಂಬುದು ನನ್ನ ವಾದವಾಗಿತ್ತು. ಕಳೆದ ತಿಂಗಳು ಬಾಂಗ್ಸಾರ್‌ನ ನಮ್ಮ ಆಫೀಸಿನಲ್ಲಿ ಪಕ್ಕದ ಮೇಜಿನ ಹುಡುಗಿ ಟಪಾವ್ ಮಾಡಿಸಿಕೊಂಡು, ಅಂದರೆ ಪಾರ್ಸೆಲ್ ಕಟ್ಟಿಸಿಕೊಂಡು, ತಂದ ಅನ್ನದ ಪೊಟ್ಟಣ ಬಿಚ್ಚಿದಳು. ಪಾಂಡನ್ ಎಲೆಯ ವಾಸನೆ ಮೇಲೆದ್ದಿತು. ಇಲ್ಲಿಯ ಮಲಯರು ಅನ್ನ ಬೇಯುವಾಗ ಗಂಟು ಕಟ್ಟಿ ಹಾಕುವ, ಕೇದಗೆಯ ದೂರದ ನೆಂಟನಂತಿರುವ ಉದ್ದನೆಯ ಹಸಿರು ಎಲೆ ಅದು. ನಾನು ಟೈಪು ಮಾಡುತ್ತಿದ್ದ ವಾಕ್ಯ ಅರ್ಧಕ್ಕೇ ನಿಂತಿತು. ಸೋತೆ ಎಂದು ಒಪ್ಪಿಕೊಳ್ಳುವುದು ನನಗೆ ಈಗಲೂ ಕಷ್ಟ. ಆದರೂ ಒಂದಷ್ಟು ಹೊತ್ತು ನಾನು ಬಾಂಗ್ಸಾರ್‌ನಲ್ಲಿರಲಿಲ್ಲ. ನಿಲಾಯ್‌ನ ಒಂದು ಮನೆಯಲ್ಲಿ, ಕಬ್ಬಿಣದ ಜಾಲರಿಯ ಗೇಟಿನ ಹಿಂದೆ, ಕಾರು ನಿಲ್ಲಿಸುವ ಜಾಗದಲ್ಲಿ ಹಾಕಿದ್ದ ಬೆತ್ತದ ಕುರ್ಚಿಯ ಎದುರು ಕೂತಿದ್ದೆ.

ಅದು ಕೋವಿಡ್‌ನ ಎರಡನೆಯ ವರ್ಷ. ನಿಲಾಯ್‌ನ ವಿಶ್ವವಿದ್ಯಾಲಯದಲ್ಲಿ ನನ್ನದು ಕೊನೆಯ ವರ್ಷದ ಓದು. ಹಾಸ್ಟೆಲ್ ಮುಚ್ಚಿದರು. ಜೊತೆಗಿದ್ದ ಮೈಸೂರಿನ ಹುಡುಗಿಯರು ವಿಶೇಷ ವಿಮಾನಕ್ಕೆ ಹೆಸರು ಬರೆಸಿ ಹೊರಟುಹೋದರು. ದಾವಣಗೆರೆಯಿಂದ ಅಪ್ಪ ದಿನಾ ಫೋನ್ ಮಾಡಿ, "ಬಂದುಬಿಡವ್ವ, ಡಿಗ್ರಿ ಎಲ್ಲಿ ಓಡಿಹೋಗತೈತಿ" ಎನ್ನುತ್ತಿದ್ದರು. ಓಡಿಹೋಗುವುದಿಲ್ಲ ಎಂಬುದಕ್ಕೆ ಆಧಾರವೇನು ಎಂದು ನಾನು ವಾದಿಸಿ ಉಳಿದುಕೊಂಡೆ. ನಿವೃತ್ತ ಶಿಕ್ಷಕಿ ವಿಮಲಾ ಆಂಟಿ ತಮ್ಮ ಮನೆಯ ಮಹಡಿಯ ಕೋಣೆಯನ್ನು ಬಾಡಿಗೆಗೆ ಕೊಟ್ಟರು. ಆ ಮನೆಯಲ್ಲಿ ಇದ್ದವರು ಆಂಟಿ ಮತ್ತು ಅವರ ತಂದೆ, ಇಬ್ಬರೇ.

ತಂದೆ ಸದಾಶಿವ ರಾಯರು. ತೊಂಬತ್ತರ ಹತ್ತಿರ. ಮಂಗಳೂರಿನಿಂದ ಮೀಸೆ ಮೂಡುವ ವಯಸ್ಸಿನಲ್ಲಿ ಹಡಗು ಹತ್ತಿ ಬಂದು ಬ್ರಿಟಿಷರ ಕಾಲದ ಮಲಯಾ ಸರ್ಕಾರದಲ್ಲಿ ಗುಮಾಸ್ತರಾದವರು. ಬ್ರಿಟಿಷರು ಹೋದ ಮೇಲೂ ಅದೇ ಕಚೇರಿಗಳಲ್ಲಿ ದುಡಿದು ನಿವೃತ್ತರಾದವರು. ಮುಂಜಾನೆ ಮಗಳ ಟ್ಯಾಬ್ಲೆಟ್ಟಿನಲ್ಲಿ ಮಂಗಳೂರಿನ ಪತ್ರಿಕೆಯನ್ನು ಹವಾಮಾನದ ತನಕ ಬಿಡದೆ ಓದುತ್ತಿದ್ದರು. ಆಮೇಲೆ ಗಂಜಿ. ತಮಿಳರ ಅಂಗಡಿಯಿಂದ ತಂದ ಕುಚ್ಚಲಕ್ಕಿಯ ಗಂಜಿಗೆ ಆಂಟಿ ಪಾಂಡನ್ ಎಲೆಯ ಗಂಟು ಹಾಕಿ ಬೇಯಿಸುತ್ತಿದ್ದರು.

"ನೋಡಿದಿಯಾ, ಗಂಜಿಗೆ ಸೆಂಟು ಹೊಡೆದಿದ್ದಾಳೆ," ಎಂದು ರಾಯರು ನನಗೆ ದೂರು ಹೇಳುವರು.

ಕನ್ನಡ ಪೂರ್ತಿ ಅರ್ಥವಾಗುವ, ಆದರೆ ಇಲ್ಲಿಯವರ ಬಾಲಂಗೋಚಿ 'ಲಾ' ಹಚ್ಚಿದ ಇಂಗ್ಲಿಷಿನಲ್ಲೇ ಉತ್ತರಿಸುವ ಆಂಟಿ, "ಅಪ್ಪ, ಜಸ್ಟ್ ಈಟ್ ಲಾ," ಎನ್ನುವರು. ರಾಯರು ಒಂದು ತುತ್ತೂ ಬಿಡದೆ ಉಣ್ಣುವರು.

ಮನೆಯಿಂದ ಸ್ವಲ್ಪ ದೂರಕ್ಕೇ ವಿಮಾನ ನಿಲ್ದಾಣ. ಹಿಂದೆಲ್ಲ ಮಾತಿನ ನಡುವೆ ವಿಮಾನ ಹಾದುಹೋಗುವ ತನಕ ಸುಮ್ಮನಿರಬೇಕಾಗುತ್ತಿತ್ತಂತೆ. ಆ ವರ್ಷ ಆಕಾಶಕ್ಕೆ ದನಿಯೇ ಇರಲಿಲ್ಲ. ಗೇಟಿನ ಜಾಲರಿಗೆ ತೊಳೆದ ಮಾಸ್ಕುಗಳು ನೇತಾಡುತ್ತಿದ್ದವು. ನಿಯಮಗಳನ್ನು ಕೂಗುತ್ತಾ ಪೊಲೀಸರ ಜೀಪು ಆಗಾಗ ಬೀದಿಯಲ್ಲಿ ಸುತ್ತುತ್ತಿತ್ತು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವಂತಿರಲಿಲ್ಲ. ನಿಲಾಯ್ ಇರುವುದು ಒಂದು ರಾಜ್ಯದಲ್ಲಿ, ಪಕ್ಕದ ಮೆಲಾಕಾ ಇನ್ನೊಂದು ರಾಜ್ಯ. ಕಾರಿನಲ್ಲಿ ಹೋದರೆ ಒಂದು ಒಳ್ಳೆಯ ಜಗಳ ಮುಗಿಯುವಷ್ಟರಲ್ಲಿ ತಲುಪುವ ಊರು ಆಗ ಬೇರೆ ಖಂಡದಲ್ಲಿತ್ತು.

ನನ್ನ ಚರ್ಚಾಕೂಟ ಮಾತ್ರ ನಿಂತಿರಲಿಲ್ಲ. ಲ್ಯಾಪ್‌ಟಾಪಿನ ಮುಂದೆ ಕೂತು ಬೇರೆ ಬೇರೆ ದೇಶದ ಹುಡುಗರೊಂದಿಗೆ ಕಿತ್ತಾಡುತ್ತಿದ್ದೆ. ಒಂದು ಸಲ ಬಂದ ವಿಷಯ ಇದು: ವಸಾಹತು ಬಿಟ್ಟು ಹೊರಡುವ ಅಧಿಕಾರಿಗಳಿಗೆ ಹೊಸ ದೇಶವು ಪರಿಹಾರ ಕೊಟ್ಟದ್ದು, ಅವರ ಪಿಂಚಣಿಗೆ ಭರವಸೆ ಕೊಟ್ಟದ್ದು ನ್ಯಾಯವೇ? ನನಗೆ ಬಂದದ್ದು ವಿರೋಧ ಪಕ್ಷ. "ಮನೆಗೆ ನುಗ್ಗಿದವನು ಹೊರಡುವಾಗ ದಾರಿಖರ್ಚು ಕೇಳಿದರೆ ಅದನ್ನು ಪರಿಹಾರ ಎನ್ನುವುದಿಲ್ಲ," ಎಂದೆ. ಗೆದ್ದೆ. ನೀರು ಕುಡಿಯಲು ಕೆಳಗಿಳಿದು ಬಂದರೆ ರಾಯರು ಬೆತ್ತದ ಕುರ್ಚಿಯಲ್ಲಿ ಕಾಯುತ್ತಿದ್ದರು.

"ಮೇಲಿಂದ ಎಲ್ಲ ಕೇಳ್ತಿತ್ತು, ಲಾಯರಮ್ಮ. ದಾರಿಖರ್ಚು ಅಂದಿಯಲ್ಲ, ಅದು ಲಾಯ್ಕಿತ್ತು. ಆದರೆ ಕೇಳಿದ್ದು ಅವರು ಮಾತ್ರ ಅಲ್ಲ ಮಾರಾಯ್ತಿ. ನಾವೂ ಕೇಳ್ಲಿಕ್ಕೆ ಹೋಗಿದ್ದೆವು."

ಅವರು ಹೇಳಿದ್ದನ್ನು ಚಿಕ್ಕದಾಗಿ ಹೇಳುತ್ತೇನೆ. ಬ್ರಿಟಿಷರು ಹೊರಡುವುದು ಖಚಿತವಾದಾಗ ಬಿಳಿಯ ಅಧಿಕಾರಿಗಳು ಮಾತುಕತೆಗೆ ಕೂತು ಎರಡು ವಿಷಯ ಗಟ್ಟಿ ಮಾಡಿಕೊಂಡರು. ನಮ್ಮ ಹುದ್ದೆ ಸ್ಥಳೀಯರಿಗೆ ಹೋಗುತ್ತದೆ, ಆದ್ದರಿಂದ ನಮ್ಮ ವೃತ್ತಿಯ ನಷ್ಟಕ್ಕೆ ಪರಿಹಾರ ಕೊಡಿ ಎನ್ನುವುದು ಒಂದು. ಮುಂದೆ ಯಾವ ಸರ್ಕಾರ ಬಂದರೂ ನಮ್ಮ ಪಿಂಚಣಿಗೆ ಕೈ ಹಾಕಬಾರದು ಎನ್ನುವುದು ಇನ್ನೊಂದು. ಅದನ್ನು ನೋಡಿ ಇಂಡಿಯಾದಿಂದ ಬಂದಿದ್ದ ಗುಮಾಸ್ತರೂ ಒಂದು ಸಮಿತಿ ಮಾಡಿಕೊಂಡರು. ಅದರ ಮುಂದಾಳು ಬೆನೆಡಿಕ್ಟ್, ರಾಯರ ಬಾಯಲ್ಲಿ ಬೆನ್ನಿ. ಇಬ್ಬರದೂ ಮಂಗಳೂರಿನ ಒಂದೇ ಶಾಲೆ, ಒಂದೇ ಹಡಗು, ಒಂದೇ ಕಚೇರಿ. ನಾವೂ ಸಮುದ್ರ ದಾಟಿ ಬಂದವರು, ರಜೆಯಲ್ಲಿ ಊರಿಗೆ ಹೋಗಲು ನಮಗೂ ಹಡಗಿನ ಟಿಕೆಟ್ ಕೊಡುತ್ತೀರಿ, ಹಾಗಾದರೆ ನಮ್ಮನ್ನೂ ಅವರಂತೆಯೇ ಲೆಕ್ಕಕ್ಕೆ ಹಿಡಿಯಿರಿ ಎಂಬ ವಾದ ಬೆನ್ನಿಯದ್ದು. ಪರಿಹಾರ ಸಿಕ್ಕರೆ ಅವನು ತಾಯಿಯಿದ್ದ ಮಂಗಳೂರಿಗೆ ಮರಳುವವನಿದ್ದ.

ಮಾತುಕತೆಯ ದಿನ ಮಾತಾಡಬೇಕಾದವನು ಬೆನ್ನಿ. ರಾಯರು ಪಕ್ಕದಲ್ಲಿ ಸುಮ್ಮನೆ ಕೂರಬೇಕು. ಮೇಜಿನಾಚೆಯ ಬಿಳಿಯ ಅಧಿಕಾರಿ ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದನಂತೆ. "ಜಂಟಲ್‌ಮೆನ್, ನಿಮ್ಮ ಊರು ಯಾವುದು?"

ಬೆನ್ನಿ ಉಸಿರು ತೆಗೆದುಕೊಂಡ. ಅಷ್ಟರಲ್ಲಿ ರಾಯರು ಅಂದರು: "ಹಿಯರ್, ಸರ್."

ಇಲ್ಲೇ, ಸ್ವಾಮಿ.

"ಆಗ ಅವನು ಪೆನ್ನಿನ ಮುಚ್ಚಳ ಹಾಕಿದ," ಎಂದರು ರಾಯರು. "'ಹಾಗಾದರೆ ನಿಮಗೆ ನಷ್ಟ ಎಲ್ಲಿದೆ?' ಅಂತ ಕೇಳಿದ. ಮುಗೀತು."

ನಾನು ಕುರ್ಚಿಯ ಅಂಚಿಗೆ ಬಂದಿದ್ದೆ. "ಅಜ್ಜ, ಒಂದೇ ಪಕ್ಷದಲ್ಲಿ ಕೂತು ತನ್ನವನ ವಾದವನ್ನೇ ಕತ್ತರಿಸೋದಕ್ಕೆ ನಮ್ಮಲ್ಲಿ ಚೂರಿ ಹಾಕೋದು ಅಂತಾರೆ. ಹಾಗೆ ಮಾಡಿದ ತಂಡ ಅಲ್ಲೇ ಸೋತ ಹಾಗೆ."

"ಚೂರಿಯಾ?" ಎಂದು ಅವರು ಆ ಶಬ್ದವನ್ನು ನಾಲಿಗೆಯ ಮೇಲೆ ಇಟ್ಟು ನೋಡಿದರು. "ಆದರೆ ನನ್ನ ಇಲ್ಲಿಯ ಪೌರತ್ವದ ಅರ್ಜಿ ಆಗ ಸರ್ಕಾರದ ಕೈಯಲ್ಲಿತ್ತು. ನನ್ನ ಹಾಗೆ ಎಷ್ಟೋ ಜನರದ್ದು. ಊರು ಇಂಡಿಯಾ ಅಂತ ಒಂದು ಕಡೆ ಹೇಳಿ, ಊರು ಇದು ಅಂತ ಇನ್ನೊಂದು ಕಡೆ ಹೇಳಿದ್ರೆ ನಂಬುವವರು ಯಾರು? ಬಿಳಿಯವರಿಗೆ ಪರಿಹಾರ, ಪಿಂಚಣಿ ಎರಡೂ ಸಿಗ್ತಿತ್ತು. ನಮಗೆ ಒಂದೇ. ಇಲ್ಲೇ ಅಂದದ್ದಕ್ಕೆ ನಮ್ಮ ಸರ್ವಿಸು ಉಳೀತು, ಪಿಂಚಣಿಗೆ ಭರವಸೆ ಬಂತು. ಬೆನ್ನಿಯೂ ಅದೇ ಪಿಂಚಣಿ ಉಂಡವ."

"ಬೇರೆ ದಾರಿ ಮುಚ್ಚಿದ ಮೇಲೆ ಉಣ್ಣದೆ ಏನ್ಮಾಡ್ತಾರೆ?"

ಅವರು ಕತೆಯನ್ನು ಮುಂದಕ್ಕೆ ಒಯ್ದರು. ಬೆನ್ನಿ ಮರಳಿ ಹೋಗಲಿಲ್ಲ. ಇಲ್ಲಿಯ ಪೌರತ್ವಕ್ಕೆ ಅರ್ಜಿಯನ್ನೂ ಹಾಕಲಿಲ್ಲ. ಮೆಲಾಕಾದಲ್ಲಿ ಮನೆ ಮಾಡಿ, ಪೌರರ ನೀಲಿ ಗುರುತಿನ ಚೀಟಿಯ ಬದಲು ಖಾಯಂ ನಿವಾಸಿಯ ಕೆಂಪು ಚೀಟಿ ಇಟ್ಟುಕೊಂಡೇ ಬದುಕಿದ. ಮದುವೆಗಳಲ್ಲಿ ಇಬ್ಬರೂ ಸಿಗುತ್ತಿದ್ದರು. ಊಟ, ಮಂಡಿನೋವು, ಮೊಮ್ಮಕ್ಕಳು. ಆ ದಿನದ ಮಾತು ಒಮ್ಮೆಯೂ ಬರಲಿಲ್ಲ.

"ಅವನು ಬೈದಿದ್ರೆ ಒಳ್ಳೇದಿತ್ತು," ಎಂದರು ರಾಯರು. "ಬೈಲಿಲ್ಲ. ಅದೇ ಕಷ್ಟ."

ರಾಯರಿಗೆ ಇನ್ನೊಂದು ರೂಢಿಯಿತ್ತು. ಮಲಯರು ಪರಿಚಯವಾದ ಕೂಡಲೇ 'ಕಂಪುಂಗ್ ಮಾನ?' ಎಂದು ಕೇಳುತ್ತಾರೆ. ಥೇಟ್ ನಮ್ಮ 'ಯಾವ ಊರು?' ಟ್ಯಾಕ್ಸಿಯವನು ಕೇಳಲಿ, ದವಾಖಾನೆಯ ನರ್ಸು ಕೇಳಲಿ, ರಾಯರ ಉತ್ತರ ಒಂದೇ: "ಸಿನಿ ಲಾ." ಇಲ್ಲೇ. ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ. ಮೊದಲ ಲಸಿಕೆಗೆ ಹೋದಾಗಲೂ ಹಾಗೆಯೇ ಅಂದಿದ್ದರು. ಮೊದಲು ನನಗದು ತಮಾಷೆಯಾಗಿ ಕಾಣುತ್ತಿತ್ತು. ಈ ಕತೆ ಕೇಳಿದ ಮೇಲೆ, ಒಂದೇ ಸಾಕ್ಷ್ಯವನ್ನು ನ್ಯಾಯಾಲಯ ಬದಲಾದಂತೆಲ್ಲ ಮತ್ತೆ ಹೇಳುತ್ತಿರುವ ಮನುಷ್ಯನ ಹಾಗೆ ಕಂಡರು.

ಅದಾಗಿ ಕೆಲವೇ ದಿನಕ್ಕೆ ಮೆಲಾಕಾದಿಂದ ಬೆನ್ನಿಯ ಸೊಸೆ ಫೋನ್ ಮಾಡಿದರು. ಮಾವನ ಹೃದಯ ಸೋತಿದೆ. ಆಸ್ಪತ್ರೆಗಳು ಕೋವಿಡ್‌ನಿಂದ ತುಂಬಿ ಹೋಗಿವೆ, ಮನೆಯಲ್ಲೇ ಆಮ್ಲಜನಕ ಹಾಕಿ ಮಲಗಿಸಿದ್ದೇವೆ, ಹೆಚ್ಚು ಸಮಯವಿಲ್ಲ ಎಂದು ಡಾಕ್ಟರು ಹೇಳಿದ್ದಾರೆ ಎಂದರು. ರಾಯರು ಶರಟು ಹಾಕಿಕೊಂಡು ಕಾರಿನ ಪಕ್ಕ ಹೋಗಿ ನಿಂತರು.

"ಅಪ್ಪ, ಕೆನಾಟ್ ಲಾ. ನೀಡ್ ಪರ್ಮಿಟ್," ಎಂದರು ಆಂಟಿ.

ಪೊಲೀಸ್ ಠಾಣೆಗೆ ಮೂವರೂ ಹೋದೆವು. ಒಳಗೆ ಬಿಟ್ಟದ್ದು ರಾಯರನ್ನು ಮತ್ತು ಅವರ ಕೈ ಹಿಡಿದಿದ್ದ ನನ್ನನ್ನು. ಗಾಜಿನ ಹಿಂದಿದ್ದ ಪೊಲೀಸ್ ಚಿಕ್ಕ ವಯಸ್ಸಿನವನು, ಒಳ್ಳೆಯವನು. ಸಾಯುತ್ತಿರುವವರನ್ನು ನೋಡಲು ರಕ್ತಸಂಬಂಧಿಗಳಿಗೆ ಮಾತ್ರ ಪರವಾನಗಿ ಕೊಡಬಹುದು ಎಂದ. ಆಮೇಲೆ ತಾನೇ ದಾರಿ ತೋರಿಸುವವನಂತೆ ತಲೆ ಬಗ್ಗಿಸಿ ಮೆತ್ತಗೆ ಕೇಳಿದ, "ಅಂಕಲ್, ಅವರು ನಿಮ್ಮ ಬ್ರದರ್ ಅಲ್ವಾ?"

ಹೂಂ ಎಂದಿದ್ದರೆ ಸಾಕಿತ್ತು. ಮುದ್ರೆ ಅವನ ಕೈಯಲ್ಲೇ ಇತ್ತು.

"ಫ್ರೆಂಡ್, ಸರ್," ಎಂದರು ರಾಯರು.

ಹೊರಗೆ ಬಂದ ಮೇಲೆ ನಾನು ಸಿಡಿದೆ. "ಅಜ್ಜ, ಅಣ್ಣ ಅಂದಿದ್ರೆ ಆಗ್ತಿತ್ತಲ್ಲ! ಅವನೇ ಉತ್ತರ ಹೇಳಿಕೊಟ್ಟಿದ್ದ!"

"ಕೇಳಿದ್ದಕ್ಕೆ ಉತ್ತರ ಕೊಟ್ಟೆ," ಎಂದರು. ಕಾರಿನಲ್ಲಿ ಕೂತ ಮೇಲೆ ತಮ್ಮ ಬಾಯಿಯ ಮೇಲಿನ ಮಾಸ್ಕನ್ನು ಬೆರಳಿನಿಂದ ಒತ್ತಿ ಹಿಡಿದುಕೊಂಡರು.

ಉಳಿದದ್ದು ವಿಡಿಯೊ ಕರೆ ಒಂದೇ. ಅದರಲ್ಲಿ ರಾಯರಿಗೆ ಬೇಕಾಗಿದ್ದೇನು ಎಂದು ನಾನು ನೇರವಾಗಿ ಕೇಳಿದೆ. ಕ್ಷಮೆಯಾ? ಅವರು ರೇಗಿದರು. "ಕ್ಷಮೆ ಎಂತಕ್ಕೆ? ನಾನು ಹೇಳಿದ್ದು ತಪ್ಪು ಅಂತ ನಾನೆಲ್ಲಿ ಹೇಳಿದೆ? ಅವನ ಬಾಯಿಂದ ಒಂದು ಮಾತು ಬರ್ಬೇಕು. ಸರಿ ಅಂತಲೋ, ತಪ್ಪು ಅಂತಲೋ. ಎರಡರಲ್ಲಿ ಒಂದು. ಅಷ್ಟೇ."

"ಅಷ್ಟೇ ಆದ್ರೆ ನೀವು ಸೋಲ್ತೀರಿ. ತಯಾರಿ ಇಲ್ಲ ನಿಮ್ಗೆ."

ಹಾಗೆ ಶುರುವಾಯಿತು. ಮಧ್ಯಾಹ್ನದ ಗಂಜಿಯ ನಂತರ, ಆಂಟಿ ಮಲಗಿದ ಮೇಲೆ, ಆ ಬೆತ್ತದ ಕುರ್ಚಿಯಲ್ಲಿ ರಾಯರು, ಎದುರಿನ ಪ್ಲಾಸ್ಟಿಕ್ ಸ್ಟೂಲಿನಲ್ಲಿ ಬೆನ್ನಿಯಾಗಿ ನಾನು. ನಾನು ಬೆನ್ನಿಯನ್ನು ಕಂಡವಳಲ್ಲ, ಆದರೆ ನನಗೆ ಅವರ ಪಕ್ಷವೇ ಸರಿ ಎನ್ನಿಸಿತ್ತು. "ರಾಯ, ನಿನ್ನ ಅರ್ಜಿಗೋಸ್ಕರ ನನ್ನ ಬಾಯಿ ಮುಚ್ಚಿಸಿದೆ," ಎನ್ನುವೆ. ಅವರು, "ನಿನ್ನ ಬಾಯಿ ಅಲ್ಲ, ಎಲ್ಲರ ಬಾಗಿಲು ಮುಚ್ಚುವುದನ್ನು ತಪ್ಪಿಸಿದೆ," ಎನ್ನುವರು. "ಒಳಗೆ ಹೋಗುವ ಮುಂಚೆ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದರೆ ಮಾತ್ರ ತಡವರಿಸುವರು. ನಾನು ಬಿಡುತ್ತಿರಲಿಲ್ಲ. ಒಮ್ಮೆ ಅವರು, "ಒಳಗೆ ಹೋಗುವ ತನಕ ನಂಗೂ ಗೊತ್ತಿರ್ಲಿಲ್ಲ ಮಗಾ. ಆ ಬಿಳಿಯವ ಕೇಳಿದ. ಬಾಯಿಗೆ ಬಂತು," ಎಂದರು.

"ಅದನ್ನೇ ಹೇಳಿ," ಎಂದೆ.

"ಅದು ವಾದ ಅಲ್ಲವಲ್ಲ."

"ಅಲ್ಲ," ಎಂದು ಒಪ್ಪಿಕೊಂಡೆ.

ಬೆನ್ನಿಗೆ ಸ್ವಲ್ಪ ಗೆಲುವಾಗಿದೆ, ಈಗ ಮಾತಾಡಬಹುದು ಎಂದು ಸೊಸೆ ಹೇಳಿದ ದಿನ ನಿಲಾಯ್‌ನಲ್ಲಿ ಉರಿಬಿಸಿಲು. ಡಾಂಬರು ಮೆತ್ತಗಾಗಿತ್ತು. ರಾಯರು ಇಸ್ತ್ರಿ ಮಾಡಿದ ಶರಟಿನ ಕತ್ತಿನ ಗುಂಡಿಯನ್ನೂ ಹಾಕಿಕೊಂಡು ಬೆಳಕಿಗೆ ಬೆನ್ನು ಮಾಡಿ ಕೂತರು. ನಾನು ಫೋನು ಹಿಡಿದು ಪಕ್ಕದಲ್ಲಿ ನಿಂತೆ. 'ಬೆನ್ನಿ, ಆ ದಿನದ ಬಗ್ಗೆ ಮಾತಾಡ್ಲಿಕ್ಕೆ ಉಂಟು' ಎಂಬುದು ನಾವು ತಯಾರಿಸಿಕೊಂಡಿದ್ದ ಮೊದಲ ವಾಕ್ಯ.

ಪರದೆಯ ಮೇಲೆ ಒಂದು ದಿಂಬು ಬಂತು. ಆಮೇಲೆ ಮುಖ. ಮೂಗಿಗೆ ಕೊಳವೆ, ಕೆನ್ನೆ ಒಳಗೆ ಹೋಗಿತ್ತು. ಕಣ್ಣು ಮಾತ್ರ ನಾನು ಸ್ಟೂಲಿನಲ್ಲಿ ಕೂತು ಊಹಿಸಿಕೊಂಡದ್ದಕ್ಕಿಂತ ಚುರುಕು.

"ಹೋ, ರಾಯ!" ಎಂದಿತು ಮುಖ. "ಊಟ ಆಯ್ತಾ?"

"ಆಯ್ತು," ಎಂದರು ರಾಯರು. "ನಿನ್ನದು?"

"ನನ್ನದೆಂತ ಮಾರಾಯ, ಪೈಪಿನಲ್ಲಿ ಗಾಳಿ."

ನಾನು ರಾಯರ ಭುಜ ಮುಟ್ಟಿದೆ. ಅವರು ಬಾಯಿ ತೆರೆದರು. ಅಷ್ಟರಲ್ಲಿ ಬೆನ್ನಿ, "ಮತ್ತೆ? ಊರಲ್ಲಿ ಮಳೆ ಉಂಟಾ?" ಎಂದು ಕೇಳಿದರು.

"ಉಂಟು ಮಾರಾಯ, ಜೋರುಂಟು," ಎಂದರು ರಾಯರು. ಯೋಚಿಸಲಿಲ್ಲ. ಪ್ರಶ್ನೆ ಮುಗಿಯುವ ಮುಂಚೆಯೇ ಉತ್ತರ. "ಬಿಟ್ಟೇ ಇಲ್ಲ. ನೇತ್ರಾವತಿ ತುಂಬಿ ಹರೀತಾ ಉಂಟಂತೆ. ಬಂದರಿನಲ್ಲಿ ಒಂದು ದೋಣಿಯೂ ಇಳೀಲಿಲ್ಲ."

ಬೆನ್ನಿಯ ಕಣ್ಣು ನಿಧಾನಕ್ಕೆ ಸರಿಯಿತು. ಅವರು ನೋಡುತ್ತಿದ್ದದ್ದು ರಾಯರ ಹಿಂದಿನ ಗೇಟನ್ನು, ಜಾಲರಿಯಲ್ಲಿ ಒಣಗುತ್ತಿದ್ದ ಮಾಸ್ಕುಗಳನ್ನು, ಆಚೆ ಬೀದಿಯಲ್ಲಿ ಕಣ್ಣು ಕುಕ್ಕುತ್ತಿದ್ದ ಬಿಸಿಲನ್ನು.

"ರಾಯ," ಎಂದರು. "ನಿನ್ನ ಬೆನ್ನ ಹಿಂದೆ ಬಿಸಿಲು ಕಾಣ್ತದಲ್ಲ."

ರಾಯರು ತಿರುಗಿ ನೋಡಿದರು. ಮತ್ತೆ ಪರದೆಯ ಕಡೆ ತಿರುಗಿದಾಗ ಅವರ ಮುಖದಲ್ಲಿ ನಾವು ತಯಾರಿಸಿದ್ದ ಒಂದು ವಾಕ್ಯವೂ ಉಳಿದಿರಲಿಲ್ಲ.

"ಹಾಗಾದ್ರೆ," ಎಂದರು ಬೆನ್ನಿ, ನಗು ಗಂಟಲಲ್ಲಿ ಗುರುಗುಟ್ಟುತ್ತಿತ್ತು, "ಹಿಯರ್ ಸರ್ ಅಂದದ್ದು ಯಾರು ಮಾರಾಯ?"

ನಗು ಕೆಮ್ಮಾಯಿತು. ದಿಂಬು, ಗೋಡೆ, ಫ್ಯಾನು ಎಲ್ಲ ಒಂದು ಸುತ್ತು ತಿರುಗಿದವು. "ಅಂಕಲ್, ಸಾರಿ ಲಾ, ಹಿ ನೀಡ್ಸ್ ರೆಸ್ಟ್," ಎಂಬ ಸೊಸೆಯ ದನಿಯೊಂದಿಗೆ ಪರದೆ ಆರಿತು.

ರಾಯರು ಕತ್ತಿನ ಗುಂಡಿ ಬಿಚ್ಚಲು ನೋಡಿದರು. ಬೆರಳಿಗೆ ಸಿಗಲಿಲ್ಲ. ನಾನು ಬಿಚ್ಚಿಕೊಟ್ಟೆ.

"ಯಾವ ಊರು ಅಂತ ಅವನು ಹೇಳ್ಲಿಲ್ಲ," ಎಂದರು. "ಅದು ಮೋಸದ ಪ್ರಶ್ನೆ. ನೀನು ಹೇಳು, ಲಾಯರಮ್ಮ. ಅದು ಲೆಕ್ಕಕ್ಕೆ ಬರ್ತದಾ?"

ಅಸ್ಪಷ್ಟ ಪ್ರಶ್ನೆಗೆ ಆಕ್ಷೇಪಣೆ ಎತ್ತಬಹುದು. ನಮ್ಮ ನಿಯಮದಲ್ಲಿ ಅದಕ್ಕೆ ಜಾಗವಿದೆ. ಆದರೆ ಆಕ್ಷೇಪಣೆಯನ್ನು ಉತ್ತರಿಸುವ ಮುಂಚೆ ಎತ್ತಬೇಕು.

"ಅವರು ಸುಮ್ನೆ ಮಳೆ ಬಗ್ಗೆ ಕೇಳಿರಬಹುದು ಅಜ್ಜ."

"ಬೆನ್ನಿ ಸುಮ್ಮನೆ ಎಂತದೂ ಕೇಳುವವ ಅಲ್ಲ." ಸ್ವಲ್ಪ ಹೊತ್ತಿನ ಮೇಲೆ ಬೇರೆಯೇ ದನಿಯಲ್ಲಿ, "ನಕ್ಕ ಅಲ್ವಾ? ನೀನು ನೋಡಿದಿ ಅಲ್ವಾ? ಅದು ನಗುವೇ ತಾನೆ?" ಎಂದರು.

"ನಗುವೇ," ಎಂದೆ.

ಮರುದಿನವೇ ಎರಡನೆಯ ಕರೆಗೆ ತಯಾರಿ ಶುರು ಮಾಡಬೇಕೆಂದರು. ಬಾಯಿತಪ್ಪಿ ಬಂದ ಮಾತಿಗೆ ಬೆಲೆ ಎಷ್ಟು ಎಂಬುದರ ಮೇಲೆ ಅವರು ಹೊಸ ವಾದ ಕಟ್ಟುತ್ತಿದ್ದರು. ಅರ್ಧಕ್ಕೆ ನಿಲ್ಲಿಸುವರು. ಬಾಯಿತಪ್ಪಿ ಬಂದದ್ದಕ್ಕೆ ಬೆಲೆ ಇಲ್ಲ ಎಂದರೆ ಆ ದಿನದ 'ಹಿಯರ್ ಸರ್'ಗೂ ಬೆಲೆ ಇಲ್ಲ. ಬೆಲೆ ಇದೆ ಎಂದರೆ ಮಳೆಗೂ ಇದೆ. ಅದನ್ನು ನಾನು ತೋರಿಸಿಕೊಡಬೇಕಾಗಿರಲಿಲ್ಲ. ಅವರೇ ಕಂಡುಕೊಂಡು ಕುರ್ಚಿಯ ಬೆತ್ತವನ್ನು ಉಗುರಿನಿಂದ ಕೆರೆಯುತ್ತಿದ್ದರು.

ಎರಡನೆಯ ಕರೆ ಆಗಲಿಲ್ಲ. ಆ ವಾರ ಮುಗಿಯುವ ಮುಂಚೆ ಬೆನ್ನಿ ಹೋದರು.

ಶವಸಂಸ್ಕಾರಕ್ಕೆ ಮನೆಯವರಲ್ಲೂ ಕೆಲವರಿಗಷ್ಟೇ ಅವಕಾಶ. ನಮಗೆ ಅದನ್ನು ಟ್ಯಾಬ್ಲೆಟ್ಟಿನಲ್ಲಿ ತೋರಿಸಿದರು. ಪಾದ್ರಿಗಳ ತುಟಿ ಒಂದು ಕಡೆ, ದನಿ ಇನ್ನೊಂದು ಕಡೆ ಹೋಗುತ್ತಿತ್ತು. ಚಿತ್ರ ಮತ್ತೆ ಮತ್ತೆ ನಿಂತುಬಿಡುತ್ತಿತ್ತು. ಒಂದು ಸಲ ಪೆಟ್ಟಿಗೆ ಇನ್ನೂ ಮೇಲಿರುವಾಗ ನಿಂತದ್ದು, ಮತ್ತೆ ಬರುವಾಗ ಮಣ್ಣು ಮುಚ್ಚಿಯಾಗಿತ್ತು. ಆಂಟಿ ತಂದೆಯ ಮುಂದೆ ಗಂಜಿ ಇಟ್ಟರು. ಸೆಂಟಿನ ದೂರು ಬರಲಿಲ್ಲ. ಬಟ್ಟಲನ್ನು ತಳ್ಳಿ, ಎದ್ದು ಹೋಗಿ, ಗೇಟು ಹಿಡಿದು ನಿಂತರು. ಆಕಾಶದಲ್ಲಿ ಒಂದು ವಿಮಾನವೂ ಇರಲಿಲ್ಲ.

ಜುಲೈಯಲ್ಲಿ ಎರಡನೆಯ ಲಸಿಕೆ. ದೊಡ್ಡ ಸಭಾಂಗಣದಲ್ಲಿ ದೂರ ದೂರ ಹಾಕಿದ ಕುರ್ಚಿಗಳು, ನೆಲಕ್ಕೆ ಅಂಟಿಸಿದ ಬಾಣಗಳು. ಸೂಜಿ ಚುಚ್ಚಿ ಹತ್ತಿ ಒತ್ತಿದ ಹುಡುಗಿ ಮುದುಕರ ಮನಸ್ಸು ಬೇರೆ ಕಡೆ ಸೆಳೆಯಲು ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆಯನ್ನೇ ಕೇಳಿದಳು. "ಅಂಕಲ್, ಕಂಪುಂಗ್ ಮಾನ?"

ನಾನೂ ಆಂಟಿಯೂ 'ಸಿನಿ ಲಾ' ಎಂಬ ಆ ಎರಡು ಶಬ್ದಕ್ಕಾಗಿ ಕಾದೆವು. ಬರಲಿಲ್ಲ. ರಾಯರು ಪ್ರಶ್ನೆಯನ್ನು ಪೂರ್ತಿ ಮುಗಿಯಲು ಬಿಟ್ಟರು. ಮುಗಿದ ಮೇಲೂ ಬಿಟ್ಟರು. ಅಜ್ಜನಿಗೆ ಕೇಳಿಸಲಿಲ್ಲವೇನೋ ಎನ್ನಿಸಿ ಹುಡುಗಿ ಮತ್ತೊಮ್ಮೆ ಬಗ್ಗಿದಳು.

"ಮೆಲಾಕಾ," ಎಂದರು ರಾಯರು.

"ಅಪ್ಪ, ವೀ ಆರ್ ನಾಟ್..." ಎಂದು ಆಂಟಿ ತಿದ್ದಲು ಹೋದರು. ನಾನು ಅವರ ಕೈ ಹಿಡಿದೆ.

"ಓ, ಮೆಲಾಕಾ!" ಎಂದಳು ಹುಡುಗಿ. "ಪಾಪ ಅಂಕಲ್. ಈಗ ಊರಿಗೆ ಹೋಗೋಕಾಗಲ್ಲ ಲಾ. ಬಾರ್ಡರ್ ಕ್ಲೋಸ್ಡ್."

"ಯೆಸ್," ಎಂದರು ರಾಯರು, ಮಡಚಿದ್ದ ತೋಳನ್ನು ಇಳಿಸಿಕೊಳ್ಳುತ್ತಾ. "ಕ್ಲೋಸ್ಡ್."